ಷಡ್ಡಕನ ಅಳತೆಗೆ ಸರಿದ ಸೀಟು

ಗಾಳಿ, ಗ್ರಹ, ದೃಷ್ಟಿ ಅಂತ ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಸಿದ್ಧಾರ್ಥನಗರದಲ್ಲಿ ಟೈಲ್ಸ್ ಅಂಗಡಿ ನಡೆಸುತ್ತೇನೆ. ಅಂಚು ಒಡೆದ ಟೈಲ್ಸಿಗೂ ಗಿರಾಕಿ ಹುಡುಕಿದವನು. ಯಾವುದೇ ಮಾಲು ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ನಂಬಿದ್ದೆ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೊದಲು ನನ್ನ ಷಡ್ಡಕನ ವಿಷಯ ಹೇಳಬೇಕು. ನನ್ನ ಹೆಂಡತಿ ಸುಧಾಳ ತಂಗಿಯ ಗಂಡ, ಹೆಸರು ಪ್ರಕಾಶ. ಆರಡಿ ಆಳು, ಕಾಲೇಜಿನಲ್ಲಿ ಮೇಷ್ಟ್ರು. ನಾನು ಗಿಡ್ಡ. ಚಾಮರಾಜಪುರಂನ ನಮ್ಮ ಮಾವನವರು ನನ್ನನ್ನು "ನೀವು" ಎನ್ನುತ್ತಾರೆ, ಅವನನ್ನು "ಲೋ ಪ್ರಕಾಶ" ಎನ್ನುತ್ತಾರೆ. ಗೌರವವೆಲ್ಲ ನನಗೆ, ಸಲಿಗೆಯೆಲ್ಲ ಅವನಿಗೆ. ಆ "ಲೋ" ಒಮ್ಮೆಯಾದರೂ ನನಗೆ ಸಿಗಲಿ ಎಂದು ಆಸೆಪಡುತ್ತಿದ್ದೆ.

ಮಾವನವರ ಮನೆಯಲ್ಲಿ ಒಂದು ಪದ್ಧತಿಯಿದೆ. ಆಯುಧಪೂಜೆಯ ದಿನ ಅಳಿಯಂದಿರ ಗಾಡಿಗಳಿಗೆ ಅವರ ಬಾಗಿಲಲ್ಲೇ ಪೂಜೆ. ಆಮೇಲೆ ಮಾವನವರು ಒಂದು ಕಾರಿನ ಮುಂದಿನ ಸೀಟಿನಲ್ಲಿ ಕೂತು, ಚಕ್ರಕ್ಕಿಟ್ಟ ನಿಂಬೆಹಣ್ಣು ತುಳಿಸಿಕೊಂಡು, ದೇವಸ್ಥಾನದವರೆಗೆ ಹೋಗಿ ಬರಬೇಕು. ನನ್ನ ಹತ್ತಿರ ಸಾಮಾನು ಸಾಗಿಸುವ ಟೆಂಪೋ ಬಿಟ್ಟರೆ ಬೇರೆ ಗಾಡಿ ಇರಲಿಲ್ಲವಾದ್ದರಿಂದ ಪ್ರತಿ ವರ್ಷ ಅವರು ಕೂರುತ್ತಿದ್ದುದು ಪ್ರಕಾಶನ ಕಾರಿನಲ್ಲೇ.

ಅದಕ್ಕೇ ನಾನು ಕಾರು ಕೊಂಡೆ. ಸೆಕೆಂಡ್ ಹ್ಯಾಂಡ್, ಆದರೆ ದೊಡ್ಡದು. ಬಟನ್ ಒತ್ತಿದರೆ ಸೀಟು ತಾನೇ ಹಿಂದೆ ಮುಂದೆ, ಮೇಲೆ ಕೆಳಗೆ ಹೋಗುವಂಥದ್ದು. ಡ್ರೈವರ್ ಸೀಟು ಮಾತ್ರ ಯಾರೂ ಬಟನ್ ಮುಟ್ಟದೆಯೇ ಒಮ್ಮೊಮ್ಮೆ ಪೂರ್ತಿ ಹಿಂದಕ್ಕೆ ಸರಿಯುತ್ತಿತ್ತು. ಅದನ್ನೇ ಹಿಡಿದು ಚೌಕಾಸಿ ಮಾಡಿ ಬೆಲೆ ಚೆನ್ನಾಗಿಯೇ ಇಳಿಸಿದೆ. ಹಳೇ ಕಾರು ಕೊಳ್ಳುವವರಿಗೆ ಒಂದು ಮಾತು: ಪೇಂಟ್ ನೋಡಿ ಮರುಳಾಗಬೇಡಿ, ಒಂದೊಂದೇ ಬಟನ್ ಒತ್ತಿ ನೋಡಿ. ಕೆಟ್ಟಿರುವುದೇ ನಿಮ್ಮ ಬಲ.

ಹಬ್ಬದ ಹಿಂದಿನ ದಿನ ಮೆಕ್ಯಾನಿಕ್ ನಯಾಜ್ ಸೀಟನ್ನು ನನ್ನ ಕಾಲಿನ ಅಳತೆಗೆ ಮುಂದಕ್ಕೆ ತಂದು, ಎತ್ತರಿಸಿ, ಸೀಟಿನ ಕೆಳಗಿನ ಮೋಟರಿನ ಪ್ಲಗ್ ಕಿತ್ತು ಟೇಪ್ ಸುತ್ತಿಬಿಟ್ಟ. "ಇನ್ನು ಅಲ್ಲಾಡಲ್ಲ ಸಾರ್. ಹಬ್ಬ ಮುಗೀಲಿ, ಸ್ವಿಚ್ ಬದಲಾಯಿಸಿ ಕೊಡ್ತೀನಿ" ಎಂದ.

ಮರುದಿನ ಬೆಳಿಗ್ಗೆ ಚಾಮರಾಜಪುರಂವರೆಗೆ ನಾನೇ ಓಡಿಸಿಕೊಂಡು ಹೋದೆ. ಸೀಟು ಕದಲಲಿಲ್ಲ. ಮಾವನವರು ಕಾರನ್ನು ಒಂದು ಸುತ್ತು ಬಂದು, "ಪರವಾಗಿಲ್ವೇ, ಜೋರಾಗಿದೆ! ಈ ಸಲ ನಿಮ್ಮ ಗಾಡೀಲೇ ಕೂರ್ತೀನಿ" ಎಂದರು. ನಾನು ಪ್ರಕಾಶನ ಮುಖ ನೋಡಿದೆ. ಅವನು ನಗುತ್ತಲೇ ಇದ್ದ. ಅದನ್ನೂ ನನಗೆ ಸಹಿಸಲಾಗಲಿಲ್ಲ.

ಕಾರಿಗೆ ಬೀಗ ಹಾಕಿ ಕೀಯನ್ನು ಪೂಜೆಯ ತಟ್ಟೆಯಲ್ಲಿಟ್ಟೆ. ಎಲ್ಲರೂ ಕಾರಿನ ಸುತ್ತಲೇ ನಿಂತಿದ್ದೆವು. ಮಂಗಳಾರತಿ ಆಯಿತು. ಪ್ರಕಾಶ ನನ್ನ ಮಗ್ಗುಲಲ್ಲೇ ನಿಂತು ಬೂದುಗುಂಬಳ ಒಡೆದ. ತಟ್ಟೆಯಿಂದ ನಾನೇ ಕೀ ತೆಗೆದುಕೊಂಡು ಮಾವನವರನ್ನು ಕೂರಿಸಿ, ಈಚೆ ಬಂದು ನನ್ನ ಕಡೆಯ ಬಾಗಿಲು ತೆಗೆದೆ.

ಸೀಟು ಪೂರ್ತಿ ಹಿಂದಕ್ಕೆ ಹೋಗಿ ಕೆಳಗಿಳಿದಿತ್ತು.

ಕೂತೆ. ಕಾಲು ಬ್ರೇಕಿಗೆ ಎಟುಕಲಿಲ್ಲ. ಇಳಿದು, ಹೊಸ ಪಂಚೆಯಲ್ಲೇ ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿದೆ. ಪ್ಲಗ್ ಜೋತಾಡುತ್ತಿತ್ತು, ಸುತ್ತಿದ ಟೇಪ್ ಸುತ್ತಿದ ಹಾಗೇ ಇತ್ತು. ಟೇಪ್ ಕಿತ್ತು ಪ್ಲಗ್ ಸಿಕ್ಕಿಸಿ ಬಟನ್ ಒತ್ತಿದೆ. ಸದ್ದೇ ಇಲ್ಲ. ಹಿಂದೆ ಕೂತಿದ್ದ ಸುಧಾ, "ಏನ್ರೀ, ಎಲ್ರೂ ನೋಡ್ತಾವ್ರೆ, ದಿಂಬು ತರಿಸ್ಲಾ?" ಎಂದಳು. ಅವಳ ತಂಗಿ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ರಾಹುಕಾಲ ಬಂದ್ಬುಡುತ್ತೆ ಕಣ್ರೀ" ಎಂದರು ಮಾವನವರು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, "ಲೋ ಪ್ರಕಾಶ, ಬಾರೋ, ನೀನೇ ಓಡ್ಸು" ಎಂದು ಕೂಗಿದರು.

ಪ್ರಕಾಶ ಹತ್ತಿರ ಬಂದು, "ಬೇಡ ಮಾವ, ಅಣ್ಣನ ಗಾಡಿ" ಎಂದ. ನಾನೇ ಕೀ ಅವನ ಕೈಗಿಟ್ಟೆ, ಇನ್ನೇನು ಮಾಡಲಿ? ಅವನು ಕೂತ. ಬೆನ್ನು, ಮಂಡಿ, ಸ್ಟೀರಿಂಗ್ ಹಿಡಿದ ಕೈ, ಎಲ್ಲವೂ ದರ್ಜಿ ಅಳತೆ ತೆಗೆದು ಹೊಲಿದಂತೆ ಒಪ್ಪಿದವು. ಅದಕ್ಕೂ ಮುಂಚೆ ಅವನು ಆ ಕಾರಿನೊಳಗೆ ಕಾಲಿಟ್ಟವನೇ ಅಲ್ಲ. "ಅಣ್ಣ, ಕನ್ನಡೀನೂ ನಂಗೆ ಸರಿಯಾಗಿದೆ!" ಎಂದ, ಖುಷಿಯಿಂದ. ಕನ್ನಡಿಗೆ ಮೋಟರ್ ಇಲ್ಲ, ಕೈಯಿಂದಲೇ ತಿರುಗಿಸಬೇಕು. ಬೆಳಿಗ್ಗೆ ನನ್ನ ಕಣ್ಣಿಗೆ ತಕ್ಕಂತೆ ನಾನೇ ತಿರುಗಿಸಿದ್ದೆ.

ನಿಂಬೆಹಣ್ಣುಗಳು ಪಟಪಟನೆ ಒಡೆದವು. ನಾನು ಅವನ ಹಿಂದಿನ ಸೀಟಿನಲ್ಲಿ ಮಂಡಿ ಮಡಚಿಕೊಂಡು ಕೂತಿದ್ದೆ. ಮುಂದೆ ಮಾವ ಅಳಿಯ ದಾರಿಯುದ್ದಕ್ಕೂ ಹರಟುತ್ತಿದ್ದರು. ಕಾರು ಎಷ್ಟು ನುಣುಪಾಗಿ ಹೋಗುತ್ತದೆ ಎಂದು ಮಾವನವರು ಹೊಗಳಿದರು. ಹೊಗಳಿದ್ದು ಕಾರನ್ನೋ, ಓಡಿಸುವವನನ್ನೋ, ನಾನು ಕೇಳಲಿಲ್ಲ.

ಮರುದಿನ ನಯಾಜ್ ಬಂದು ಅದೇ ಬಟನ್ ಒತ್ತಿದ. ಸೀಟು ಸಾಧು ಹಸುವಿನ ಹಾಗೆ ಮುಂದಕ್ಕೆ ಬಂತು. ಸ್ವಿಚ್ಚಿಗೂ ಏನೂ ಆಗಿಲ್ಲ ಎಂದ. ನಡೆದದ್ದು ಹೇಳಿದೆ. ಅವನು ತಲೆ ಕೆರೆದುಕೊಂಡು, "ಸ್ಕ್ರೂ ಮೇಲೆ ಕೂತಿರೋ ಸೀಟು ಸಾರ್. ಕರೆಂಟ್ ಇಲ್ದೆ ನಾಲ್ಕು ಜನ ತಳ್ಳಿದ್ರೂ ಬರಲ್ಲ. ನೀವೇ ಮರೆತು ಏನೋ..." ಎಂದು ನಿಲ್ಲಿಸಿದ. ಅಂದಿನಿಂದ ಇಂದಿನವರೆಗೆ ಸೀಟು ಒಮ್ಮೆಯೂ ತಾನಾಗಿ ಸರಿದಿಲ್ಲ. ಬೀಗ, ಬ್ಯಾಟರಿ, ಬಿಸಿಲು ಎಂದು ಎಷ್ಟೋ ಲೆಕ್ಕ ಹಾಕಿದ್ದೇನೆ. ಯಾವುದೂ ಕನ್ನಡಿಯವರೆಗೆ ಬಂದು ಮುಟ್ಟುವುದಿಲ್ಲ.

ಕಳೆದ ತಿಂಗಳು ಪ್ರಕಾಶ ಅಂಗಡಿಗೆ ಬಂದಿದ್ದ. ಕಾಫಿ ಕುಡಿದು, ಸ್ವಲ್ಪ ಸಂಕೋಚದಿಂದಲೇ, "ಅಣ್ಣ, ಆ ಕಾರು ಕೊಡೋದಾದ್ರೆ ನಂಗೇ ಹೇಳಿ. ರೇಟು ನೀವು ಹೇಳ್ದಷ್ಟೇ, ಚೌಕಾಸಿ ಮಾಡಲ್ಲ" ಎಂದ. ಇಷ್ಟು ವರ್ಷದ ವ್ಯಾಪಾರದಲ್ಲಿ ಅಂಥ ಗಿರಾಕಿ ನನಗೆ ಸಿಕ್ಕಿಲ್ಲ. ಬಿಲ್ ಪುಸ್ತಕ ತೆರೆದು ಮತ್ತೆ ಮುಚ್ಚಿಟ್ಟೆ. ಅವನಿಗೆ ಕೊಡಲು ನನಗೆ ಮನಸ್ಸಿಲ್ಲ. ಆದರೆ ಆ ಕಾರು ಈಗಾಗಲೇ ಯಾರದೆಂದು ನನಗೆ ಗೊತ್ತಾಗುತ್ತಿಲ್ಲ.