ರಾಹು ನುಂಗಿದ ಬ್ಯಾಕಪ್

ನನ್ನ ಹೆಂಡತಿಯ ಮೊಬೈಲಿಗೆ ಅವಳಿಗೆ ತಿಳಿಯದಂತೆ ರಾಹುಕಾಲ ಹಾಕಿದವನು ನಾನೇ. ಹೀಗೆ ಬರೆದರೆ ಮಾಟ ಮಾಡಿಸಿದಂತೆ ಕೇಳಿಸುತ್ತದೆ. ನಾನು ಹಾಕಿದ್ದು ರಾಹುಕಾಲ, ಗುಳಿಕಕಾಲ ತೋರಿಸುವ ಒಂದು ಪುಕ್ಕಟೆ ಆ್ಯಪ್, ಅಷ್ಟೇ. ನನ್ನ ಫೋನು ಬರೀ ಗುಂಡಿಗಳದ್ದು, ಅದಕ್ಕೆ ಗ್ರಹಗಳ ಪರಿಚಯವಿಲ್ಲ. ಗಿರಿಜೆಯದು ದೊಡ್ಡ ಫೋನು. ಆದರೆ ಅವಳಿಗೆ ಇಂಥದ್ದೆಲ್ಲ ಆಗದು. "ಕೊರಳಲ್ಲಿ ಶಿವನ್ನೇ ಕಟ್ಕೊಂಡೋರಿಗೆ ರಾಹು ಗೀಹು ಎಂಥದ್ರೀ?" ಎನ್ನುತ್ತಾಳೆ. ಹಾಗಾಗಿ ಅವಳು ಹಾಲು ತರಲು ಹೋದಾಗ ಹಾಕಿದೆ, ಅವಳು ನೋಡದಾಗ ನೋಡಿಕೊಳ್ಳುತ್ತಿದ್ದೆ. ಈ ವಯಸ್ಸಿನಲ್ಲಿ ಹೆಂಡತಿಯಿಂದ ಮುಚ್ಚಿಡಲು ಗಂಡಸಿಗೆ ಇನ್ನೇನು ತಾನೇ ಉಳಿದಿರುತ್ತದೆ, ಹೇಳಿ.

ಇತ್ತೀಚೆಗೆ ಆ ಫೋನಿನ ಪರದೆ ಹತ್ತಿ ಆರಿ ಮಾಡತೊಡಗಿತು. ನಮ್ಮೂರ ಗಾಂಧಿ ಬಜಾರಿನಲ್ಲಿ ಫೋನು ರಿಪೇರಿ ಮಾಡುವ ರಿಯಾಜ್ ನೋಡಿ, "ಆಂಟಿ, ಬೋರ್ಡು ಹೋಗ್ತಾ ಇದೆ. ಯಾವಾಗ ಬೇಕಾದ್ರೂ ಪೂರಾ ಆಫ್ ಆಗ್ಬಹುದು. ಮೊದ್ಲು ಬ್ಯಾಕಪ್ ತಗೊಂಡ್ಬಿಡಿ" ಎಂದ. ಬ್ಯಾಕಪ್ ಎಂದರೆ ಫೋನಿನೊಳಗಿನದನ್ನೆಲ್ಲ ಇಂಟರ್‌ನೆಟ್ಟಿನ ಯಾವುದೋ ಅಟ್ಟಕ್ಕೆ ಏರಿಸಿಡುವುದು. ಫೋನು ಸತ್ತರೂ ಸಾಮಾನು ಉಳಿಯುತ್ತದೆ.

ಗಿರಿಜೆಗೆ ಉಳಿಯಬೇಕಾಗಿದ್ದ ಸಾಮಾನು ಒಂದೇ, ಅವಳ ಅಕ್ಕನ ದನಿ. ಅಕ್ಕ ಇರುವುದು ಭದ್ರಾವತಿಯಲ್ಲಿ. ಹೆಸರು ಶಾಂತಕ್ಕ, ಆ ಹೆಸರಿಗೂ ಅವರಿಗೂ ಎಂದೂ ಸಂಬಂಧವಿರಲಿಲ್ಲ. ಅವರ ಯಜಮಾನರು ಕಾರ್ಖಾನೆಯ ಯಂತ್ರಗಳ ನಡುವೆ ಕಿವಿ ಕಳೆದುಕೊಂಡವರು. ಅವರಿಗೆ ಕೇಳಿಸಲೆಂದು ಶಾಂತಕ್ಕ ಆಡಿದ್ದೆಲ್ಲ ಪಕ್ಕದ ಕ್ವಾರ್ಟರ್ಸಿನ ತಮಿಳರ ಮನೆಗೂ ಕೇಳಿ, ಅಲ್ಲಿಂದಲೇ ಉತ್ತರ ಬರುತ್ತಿತ್ತು. ಅಂಥ ಶಾಂತಕ್ಕ ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ಜೀವ ಉಳಿಸಿಕೊಂಡರು. ದನಿ ಉಳಿಯಲಿಲ್ಲ. ಈಗ ಅವರದೆಲ್ಲ ಕೈಸನ್ನೆ, ಹುಬ್ಬುಸನ್ನೆ. ಅವರು ದಿನಾ ಬೆಳಗ್ಗೆ ತಂಗಿಗೆ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳು ಮಾತ್ರ ಗಿರಿಜೆಯ ಫೋನಿನಲ್ಲಿದ್ದವು. ಅವರ ಸ್ವಂತ ಫೋನು ಆಸ್ಪತ್ರೆಯ ಓಡಾಟದಲ್ಲಿ ಕಳೆದುಹೋಗಿತ್ತು, ಹಾಗಾಗಿ ಶಾಂತಕ್ಕನ ದನಿ ಈ ಲೋಕದಲ್ಲಿ ಇದ್ದದ್ದು ಅಲ್ಲೊಂದೇ ಕಡೆ.

ಆ ಮೆಸೇಜುಗಳ ತುಂಬ ಇದ್ದದ್ದು ನಾನು. "ನಿಮ್ಮೋರು ಸೋಗಾನೆಗೆ ವಿಮಾನ ನೋಡಕ್ಕೆ ಹೋಗಿ ಛತ್ರಿ ಬಿಟ್ಟು ಬಂದ್ರಂತಲ್ಲೇ ಮಾರಾಯ್ತಿ! ಛತ್ರಿ ಏನು ವಿಮಾನ ಹತ್ತಿ ಹೋಯ್ತಾ?" ಇಂಥವು, ವರ್ಷಗಟ್ಟಲೆ.

ಗಿರಿಜೆ ಬ್ಯಾಕಪ್ ಒತ್ತಿದಳು. ಅದು ಅರ್ಧ ದಾರಿಗೆ ಬಂದು ವಿಫಲವಾಯಿತು. ಮತ್ತೆ ಒತ್ತಿದಳು, ಮತ್ತೆ ಅಲ್ಲೇ ನಿಂತಿತು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಒಳಗೊಳಗೇ ಹಾಯೆನಿಸಿತು. ನನ್ನ ಮೇಲಿನ ಅಷ್ಟೂ ಚಾರ್ಜ್‌ಶೀಟು ತಾನಾಗಿಯೇ ಅಳಿಸಿಹೋಗುವುದಾದರೆ ಯಾರಿಗೆ ಬೇಡ? ಆಮೇಲೆ ಗಿರಿಜೆಯನ್ನು ನೋಡಿದೆ. ಅವಳು ಮಿನುಗುವ ಫೋನನ್ನು ಕಿವಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿ ಕೂತಿದ್ದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಪ್ರಾಯಶ್ಚಿತ್ತಕ್ಕೆಂದು ಬ್ಯಾಕಪ್ಪಿನ ಹೊಣೆಯನ್ನು ನಾನೇ ಹೊತ್ತೆ. ಒಳ್ಳೆಯ ಗಳಿಗೆಯಲ್ಲಿ ಒತ್ತಿದರೆ ಆಗಬಹುದೆಂದು ಗುಟ್ಟಾಗಿ ಆ್ಯಪ್ ತೆರೆದೆ. ರಾಹುಕಾಲ ಎಂದಿತು. ಕಾದೆ. ಮಧ್ಯಾಹ್ನ ನೋಡಿದರೂ ರಾಹುಕಾಲ. ಮರುದಿನ ಬೆಳಗ್ಗೆ ರಾಹುಕಾಲ, ಸಂಜೆಯೂ ರಾಹುಕಾಲ. ದೇಶಕ್ಕೇ ಏನೋ ಕಂಟಕ ಬಂದಿರಬೇಕೆಂದು ಪೇಪರು ತಿರುವಿ ಹಾಕಿದೆ. ಗಿರಿಜೆ ಒತ್ತಲು ಹೋದಾಗಲೆಲ್ಲ "ಈಗ ಬೇಡ, ನೆಟ್‌ವರ್ಕ್ ಇಲ್ಲ" ಎಂದು ಸುಳ್ಳು ಹೇಳಿ ತಡೆದೆ. ಪರದೆ ಹತ್ತುವುದಕ್ಕಿಂತ ಆರುವುದೇ ಹೆಚ್ಚಾಯಿತು.

ರಾಹುವಿಗೆ ತಲೆ ಉಂಟು, ಹೊಟ್ಟೆ ಇಲ್ಲ. ಚಂದ್ರನನ್ನು ಅಷ್ಟು ಶ್ರದ್ಧೆಯಿಂದ ನುಂಗುತ್ತಾನೆ, ಚಂದ್ರ ಕತ್ತಿನ ಕೆಳಗಿನಿಂದ ಹೊರಗೆ ಬರುತ್ತಾನೆ. ಯುಗಯುಗದಿಂದ ನುಂಗುತ್ತಲೇ ಇದ್ದರೂ ಪಾಪ, ಒಂದು ಸಲವೂ ಊಟವಾಗಿಲ್ಲ. ನಮ್ಮ ಬ್ಯಾಕಪ್ಪಿನ ಸ್ಥಿತಿಯೂ ಅದೇ ಎಂದು ನಾನು ತತ್ತ್ವಜ್ಞಾನಿಯಂತೆ ಯೋಚಿಸುತ್ತಿದ್ದಾಗ ಗಿರಿಜೆ ಚಪ್ಪಲಿ ಮೆಟ್ಟಿ ಗಾಂಧಿ ಬಜಾರಿನ ದಾರಿ ಹಿಡಿದಿದ್ದಳು. ಹಿಂದೆಯೇ ಓಡಿದೆ.

ರಿಯಾಜ್ ಫೋನನ್ನು ಅಲ್ಲಿ ಇಲ್ಲಿ ಒತ್ತಿ ನೋಡಿದ. "ಅಂಕಲ್, ಇಲ್ಲೊಂದು ಆ್ಯಪ್ ಕರಪ್ಟ್ ಆಗಿದೆ. ಬ್ಯಾಕಪ್ ಅದರ ಹತ್ರ ಬಂದು ನಿಂತ್ಕೊಳ್ತಾ ಇದೆ."

ಎಸ್ಸೆಸ್ಸೆಲ್ಸಿ ಮುಗಿಸಿ ಸರ್ಕಾರಿ ಕಚೇರಿಗಳಿಗೆ ಅಲೆದ ನನಗೆ ಆ ಪದಕ್ಕೆ ಒಂದೇ ಅರ್ಥ ಗೊತ್ತು. ದನಿ ತಗ್ಗಿಸಿ, "ಎಷ್ಟು ಕೊಟ್ರೆ ಬಿಡ್ತದಂತೆ?" ಎಂದು ಕೇಳಿದೆ.

"ಕೊಡೋದಲ್ಲ ಅಂಕಲ್, ಕಿತ್ತು ಹಾಕ್ಬೇಕು. ರಾಹುಕಾಲ ಅಂತ ಹೆಸರು. ಪೂರಾ ಖರಾಬಾಗಿದೆ, ಮೂರು ಹೊತ್ತೂ ಒಂದೇ ತೋರಿಸ್ತಾ ಇದೆ."

ಗಿರಿಜೆ ನನ್ನ ಕಡೆ ತಿರುಗಿದಳು. "ಅಕ್ಕನ ದನಿ ಹೋಗ್ಲಿ ಅಂತ ಹಾಕಿದ್ರಾ?" ಅದರಲ್ಲಿ ತಮಾಷೆ ಇರಲಿಲ್ಲ.

"ಇಲ್ಲ ಮಾರಾಯ್ತಿ, ಹಾಕಿದ್ದು ದಡ್ಡತನಕ್ಕೆ. ಆದ್ರೆ ಮೊದಲ ಸಲ ನಿಂತಾಗ ಒಂದು ಗಳಿಗೆ ಖುಷಿಪಟ್ಟೆ. ಅದು ಮಾತ್ರ ನಿಜ."

ರಿಯಾಜ್ ಸಭ್ಯನಾಗಿ ಫ್ಯಾನಿನ ಕಡೆ ನೋಡತೊಡಗಿದ. ಗಿರಿಜೆ ಫೋನನ್ನು ನನ್ನ ಕೈಗಿಟ್ಟಳು. "ನೀವೇ ತೆಗೀರಿ."

ತೆಗೆದೆ. ಅದು ನಿಜವಾಗಿ ಯಾವ ಕಾಲವಾಗಿತ್ತೋ, ಕೇಳೋಣವೆಂದರೆ ಆ್ಯಪ್ ಇರಲಿಲ್ಲ. ಬ್ಯಾಕಪ್ ನಿಧಾನವಾಗಿ, ಬಸುರಿಯಂತೆ ಮೆಟ್ಟಿಲು ಹತ್ತಿ ಮೇಲೆ ತಲುಪಿತು.

ಆ ಭಾನುವಾರ ಹೊಸ ಫೋನು ಹಿಡಿದು ಭದ್ರಾವತಿಗೆ ಹೋದೆವು. ಶಾಂತಕ್ಕ ತಮ್ಮ ದನಿಯನ್ನು ತಾವೇ ಕೇಳಿದರು. ನನ್ನನ್ನು ಬೈಯುವ ಪ್ರತಿ ಮಾತಿಗೂ, ಯಾರೋ ತಿಳಿದವರು ಹೇಳುತ್ತಿದ್ದಾರೆ ಎಂಬಂತೆ ತಲೆದೂಗಿದರು. ನಾನು ಅವರಿಗೆಂದು ಕಾಫಿ ತರಲು ಹೋಗಿ, ಲೋಟವನ್ನು ಅವರ ಸೀರೆಯ ಮೇಲೇ ಮಗುಚಿದೆ. ಶಾಂತಕ್ಕ ಎದ್ದು ನಿಂತು ಕೈಯಾಡಿಸಿದರು, ಹುಬ್ಬು ಹಾರಿಸಿದರು, ತುಟಿ ಆಡಿಸಿದರು. ದನಿ ಮಾತ್ರ ಇಲ್ಲ.

"ಏನಂತಾಳ್ರೀ ಅಕ್ಕ?" ಎಂದಳು ಗಿರಿಜೆ. ಅವಳ ಕಣ್ಣು ತುಂಬಿತ್ತು.

ನನಗೆ ಪ್ರತಿ ಅಕ್ಷರವೂ ಗೊತ್ತಿತ್ತು. "ಈ ಪುಣ್ಯಾತ್ಮನ ಕೈಗೆ ಲೋಟ ಕೊಟ್ಟೋರ್ ಯಾರೇ? ಇವ್ರಿಗೆ ಕುಡಿಯಕ್ಕೇ ಬರಲ್ಲ, ಕೊಡಕ್ಕೆ ಬರ್ತದಾ?" ಎಂದೆ, ಅವರದೇ ರಾಗದಲ್ಲಿ.

ಶಾಂತಕ್ಕ ಕೈಯಾಡಿಸುವುದನ್ನು ತಟ್ಟನೆ ನಿಲ್ಲಿಸಿ ನನ್ನನ್ನೇ ನೋಡಿದರು. ಹೌದು ಎಂದು ತಲೆಯಾಡಿಸಿದರು. ಆಮೇಲೆ ಮೂಲೆಯಲ್ಲಿ ಕೂತಿದ್ದ ಯಜಮಾನರ ಕಿವಿಯನ್ನು ತೋರಿಸಿ, ಅಂಗೈಯನ್ನು ಮೇಲೆ ಮೇಲೆ ಎತ್ತಿದರು.

ನನ್ನನ್ನು ನಾನೇ ಇನ್ನೂ ಜೋರಾಗಿ ಬೈದುಕೊಂಡೆ. ಪಕ್ಕದ ಮನೆಯಿಂದ ತಮಿಳಿನಲ್ಲಿ ಉತ್ತರ ಬಂತು.