ರಂಗೋಲಿಯ ಮೇಲೆ ತುಕ್ಕು

ಬೆಳಗ್ಗೆ ಎದ್ದು ಬಾಗಿಲು ತೆಗೆದ ಗೃಹಸ್ಥನ ಕಣ್ಣಿಗೆ ಮೊದಲು ಬೀಳಬೇಕಾದದ್ದು ಹೆಂಡತಿ ಇಟ್ಟ ರಂಗೋಲಿ. ನನ್ನ ಕಣ್ಣಿಗೆ ಕೆಲವು ತಿಂಗಳಿನಿಂದ ಬೀಳುತ್ತಿದ್ದುದು ಆ ರಂಗೋಲಿಯ ಮೇಲೆ ಉದುರಿರುತ್ತಿದ್ದ ಕೆಂಪು ಹುಡಿ. ನನ್ನಾಕೆ ಮೊದಮೊದಲು ಅದನ್ನು ಎದುರುಮನೆಯವರ ತಾಂಬೂಲದ ಪ್ರಸಾದವೆಂದೇ ತಿಳಿದು, ಅವರ ಕಿವಿಗೆ ಬೀಳುವ ಹಾಗೆ, ಆದರೆ ಅವರ ಹೆಸರು ಮಾತ್ರ ಬಾರದ ಹಾಗೆ, ಬೆಳಗಿನ ಹೊತ್ತೇ ಸಹಸ್ರನಾಮಾರ್ಚನೆಗೆ ತೊಡಗುತ್ತಿದ್ದಳು. ಎದುರುಮನೆಯವರು ಹೊಸ ಹಲ್ಲು ಕಟ್ಟಿಸಿಕೊಂಡಂದಿನಿಂದ ಎಲೆಅಡಿಕೆಯನ್ನೇ ಮುಟ್ಟಿಲ್ಲವೆಂದು ತಿಳಿದ ಮೇಲೆ ಅರ್ಚನೆ ನಿಂತಿತು, ಹುಡಿ ನಿಲ್ಲಲಿಲ್ಲ.

ಅಪರಾಧಿ ಮನೆಯವನೇ ಆಗಿದ್ದ. ಅಂದರೆ ನನ್ನ ತಮ್ಮ ಸೀನುವಿನ ಪಿಕಪ್ ಗಾಡಿ. ಹೊಳೆನರಸೀಪುರದ ನಮ್ಮ ಹಳೆಯ ಬೀದಿಯಲ್ಲಿ ನಾನು ಮನೆಯ ಎಡಭಾಗಕ್ಕೂ ಅವನು ಬಲಭಾಗಕ್ಕೂ ಯಜಮಾನರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಅವನು ಮದುವೆ ಮುಂಜಿಗಳ ಅಡುಗೆ ವಹಿಸಿಕೊಳ್ಳುವವನು. ನನ್ನ ಪಾಠ ಕೇಳಿ ನಿದ್ದೆ ಮಾಡಿದವರೆಲ್ಲ ಅವನ ಊಟ ಉಂಡು ನಿದ್ದೆ ಮಾಡುವುದರಿಂದ ನಮ್ಮಿಬ್ಬರ ವೃತ್ತಿಯ ಫಲ ಒಂದೇ ಎಂದು ಹೇಳಬಹುದು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲೇ ಮದುವೆಯಾಗಲಿ, ಪಾತ್ರೆಗಳನ್ನೂ, ಅವುಗಳ ನಡುವೆ ಅವನ್ನು ತಿಕ್ಕುವ ರತ್ನಮ್ಮ ಮತ್ತು ಅವಳ ಸಂಗಡದ ಹೆಂಗಸರನ್ನೂ ತುಂಬಿಕೊಂಡು ಈ ಪಿಕಪ್ ಹೊರಡುತ್ತಿತ್ತು. ಹೊರಡುವ ಮುನ್ನ ಸ್ಟಾರ್ಟ್ ಆದಾಗ ನಮ್ಮ ಬಾಗಿಲ ಮುಂದೆಯೇ ಒಮ್ಮೆ ಮೈಯೆಲ್ಲ ನಡುಗಿಸಿಕೊಳ್ಳುತ್ತಿತ್ತು. ಹುಡಿ ಉದುರುತ್ತಿದ್ದುದು ಆ ನಡುಕಕ್ಕೆ.

ಕಬ್ಬಿಣ ತುಕ್ಕು ಹಿಡಿಯುವುದು ಲೋಕದಲ್ಲಿ ಹೊಸತೇನಲ್ಲ. ಆದರೆ ಈ ಗಾಡಿ ತುಕ್ಕು ಹಿಡಿದದ್ದು ಮಡಿಯಿಂದ. ಕಲ್ಯಾಣಮಂಟಪದ ಹಿತ್ತಿಲಲ್ಲಿ ಎಂಜಲು ಹರಿಯುವ ಜಾಗದಲ್ಲಿ ಅಡುಗೆಯ ಪಾತ್ರೆ ಇಡಬಾರದೆಂಬುದು ಸೀನುವಿನ ಕಟ್ಟುನಿಟ್ಟು. ಆದ್ದರಿಂದ ಪಿಕಪ್ಪಿನ ಹಿಂದಿನ ಬಾಗಿಲು ಇಳಿಸಿ, ಹೆಂಗಸರು ಅದರ ಮೇಲೆಯೇ ಕುಳಿತು, ಹಿತ್ತಾಳೆಯ ಹಂಡೆ ಕೊಳಗಗಳನ್ನು ಹುಣಸೆಹುಳಿ, ಉಪ್ಪು ಹಚ್ಚಿ ಫಳಫಳ ಎನ್ನುವ ಹಾಗೆ ತಿಕ್ಕುತ್ತಿದ್ದರು. ಆ ಹುಳಿನೀರು, ಉಪ್ಪುನೀರು ಎಲ್ಲ ಸಂದಿಯಿಂದ ಇಳಿದು ಗಾಡಿಯ ಬೆನ್ನುಮೂಳೆಯಾದ ಚಾಸಿಯ ಮೇಲೆ ನಿರಂತರ ಅಭಿಷೇಕವಾಗುತ್ತಿತ್ತು. ಹುಳಿ ಕಬ್ಬಿಣಕ್ಕೆ ಆಗದು ಕಣೋ ಎಂದು ನಾನು ಬಡಕೊಂಡದ್ದಕ್ಕೆ ಅವನು ಕೊಟ್ಟ ಉತ್ತರ: "ಅಣ್ಣಾ, ಹುಳಿ ಹಾಕೋದು ಹಿತ್ತಾಳೆಗೆ ತಾನೆ?" ಇಂಥ ಉತ್ತರಕ್ಕೆ ಸೊನ್ನೆ ಕೊಡುವ ಅಧಿಕಾರವನ್ನು ಸರ್ಕಾರ ನನ್ನಿಂದ ಕಿತ್ತುಕೊಂಡಾಗಿತ್ತು.

ಒಂದು ದಿನ ತಡೆಯಲಾರದೆ, ಸೊಂಟದ ಅಭ್ಯಂತರವನ್ನು ಲೆಕ್ಕಿಸದೆ, ಗಾಡಿಯ ಕೆಳಗೆ ಬಗ್ಗಿದೆ. ಕೈಯಲ್ಲಿದ್ದುದು ಛತ್ರಿ. ಅದರ ಮೊನೆಯಿಂದ ಚಾಸಿಯನ್ನು ಮೆಲ್ಲಗೆ ಮುಟ್ಟಿದೆ. ಮುಟ್ಟಿದೆ ಅಷ್ಟೆ, ತಿವಿಯಲಿಲ್ಲ. ಛತ್ರಿ ಒಳಕ್ಕೆ ಹೋಯಿತು! ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿದ್ದ ಕಬ್ಬಿಣ ಮುರಿದು ನನ್ನ ಕನ್ನಡಕದ ಮೇಲೆ ಬಿತ್ತು. ಒಂದಿಡೀ ಅಡುಗೆಮನೆಯನ್ನೂ ಅಷ್ಟು ಜನ ಹೆಂಗಸರನ್ನೂ ಹೊತ್ತು ಹೋಗುವ ತೊಲೆಯೊಳಕ್ಕೆ ಮಳೆಗಾಲದ ಛತ್ರಿ ತೂರುತ್ತದೆಂದರೆ ಯಾರ ಎದೆ ತಾನೇ ಝಲ್ಲೆನ್ನುವುದಿಲ್ಲ? ಸೀನುವಿನ ಎದೆ ಅನ್ನಲಿಲ್ಲ. ಅವನ ದೃಷ್ಟಿಯಲ್ಲಿ ಗಾಡಿಯನ್ನು ತೂತು ಮಾಡಿದವನು ನಾನು.

ಅಲ್ಲಿಂದ ಮುಂದೆ ನನಗೆ ಹತ್ತಿದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಓದುಗರೇ, ನೀವೇ ಹೇಳಿ. ವರ್ಷ ವರ್ಷವೂ ಆಯುಧಪೂಜೆಗೆ ಈ ಗಾಡಿಗೆ ಮಾಡದ ಉಪಚಾರವಿಲ್ಲ. ಹಣೆಗೆ ವಿಭೂತಿ, ಕುಂಕುಮ, ಕೊರಳಿಗೆ ಸೇವಂತಿಗೆ ಹಾರ, ಎರಡೂ ಕಡೆ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು, ದೃಷ್ಟಿ ತೆಗೆಯಲು ಬೂದುಗುಂಬಳ. ನಿಂಬೆಹಣ್ಣು ಇಡಲು ಬಗ್ಗಿದವನು ಇನ್ನೊಂದು ಗೇಣು ಬಗ್ಗಿ ಮೇಲೆ ನೋಡಬಾರದೆ? ಊರವರ ಕಣ್ಣು ತಾಗದಿರಲಿ ಎಂದು ಕುಂಬಳ ಒಡೆಯುತ್ತಾರಲ್ಲ, ತಮ್ಮ ಕಣ್ಣನ್ನು ಒಂದು ಸಲವಾದರೂ ತಾಗಿಸಬೇಡವೆ?

ನನ್ನ ಕಾಟ ತಾಳಲಾರದೆ ಸೀನು ಗಾಡಿಯನ್ನು ಹಾಸನಕ್ಕೆ, ಒಬ್ಬ ವೆಲ್ಡಿಂಗಿನವನ ಹತ್ತಿರ ಒಯ್ದ. ಕಾವಲಿಗೆ ನಾನೂ ಹೋದೆ. ಆ ಮಹಾನುಭಾವ ಕೆಳಗೆ ಇಣುಕಿ, ನಕ್ಕು, "ಇದೇನ್ ಸಾ, ಇಷ್ಟಕ್ಕೇ ಎದ್ರುಕೊಂಡ್ಬುಟ್ರಾ? ಮ್ಯಾಲೊಂದು ತಗಡು ಒಡ್ದು ಕರೀ ಪೇಂಟ್ ಬಳಿದ್ಬುಟ್ರೆ ಒಸಾ ಗಾಡಿ ಕಣ್ ಸಾ" ಎಂದ. ಒಳಗೆಲ್ಲ ಹುಡಿಯಾಗಿರುವಾಗ ತಗಡನ್ನು ಯಾವುದಕ್ಕೆ ಅಂಟಿಸುತ್ತೀಯಪ್ಪಾ ಎಂದರೆ, ಪೇಂಟಿಗೆ ಎಂಬರ್ಥದಲ್ಲಿ ಡಬ್ಬಿ ತೋರಿಸಿದ. ಅಲ್ಲೇ ಬೀಡಿ ಸೇದುತ್ತ ನಿಂತಿದ್ದ ದಲ್ಲಾಳಿಯೊಬ್ಬ ಇನ್ನೂ ಉದಾರಿ: "ಪೇಂಟ್ ಒಣಗ್ಲಿ ಸಾ, ಅರಕಲಗೂಡು ಕಡೆ ಆಲೂಗೆಡ್ಡೆ ಓಡ್ಸೋರು ಯಾರ್ಗಾದ್ರೂ ತಗಲಾಕ್ಬುಡಾನ." ತಗಲಾಕುವುದಂತೆ! ಆಲೂಗೆಡ್ಡೆಯ ಮೂಟೆಯ ಮೇಲೆ ಕೂಲಿಯವರು ಕೂರುವುದಿಲ್ಲವೆ? ಅರಕಲಗೂಡಿನವರ ಸೊಂಟ ಬೇರೆ ಮೂಳೆಯದೆ? ನಾನು ನಡುರಸ್ತೆಯಲ್ಲಿ ನಿಂತು, ತರಗತಿಯಲ್ಲೂ ಎಂದೂ ಏರಿಸದಷ್ಟು ದನಿ ಏರಿಸಿದೆ. ಅವರು ಮೇಷ್ಟ್ರಿಗೆ ಬಿಸಿಲು ಏರಿದೆಯೆಂದು ಎಳನೀರು ತರಿಸಿದರು. ಕುಡಿದೆ, ಸಿಟ್ಟು ಬೇರೆ, ಬಾಯಾರಿಕೆ ಬೇರೆ.

ಗಾಡಿ ತಗಡು ಹೊಡೆಸಿಕೊಂಡು, ಕರಿಯ ಪೇಂಟ್ ಬಳಿದುಕೊಂಡು ಮನೆಗೆ ಬಂತು. ಮಾರುವ ಮುಂಚೆ ಚನ್ನರಾಯಪಟ್ಟಣದ ಒಂದು ಮದುವೆ ಮುಗಿದುಬಿಡಲಿ, ಮುಹೂರ್ತದ ಕಾಲದಲ್ಲಿ ಬೇರೆ ಗಾಡಿ ಎಲ್ಲಿ ಸಿಕ್ಕುತ್ತೆ, ಏನೂ ಆಗಲ್ಲ ಬಿಡಣ್ಣ ಎಂದ ಸೀನು. ಈ 'ಏನೂ ಆಗಲ್ಲ ಬಿಡು' ಎಂಬ ಮಾತಿದೆಯಲ್ಲ, ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಪೆಟ್ರೋಲಿಗಿಂತ ಹೆಚ್ಚಾಗಿ ಗಾಡಿಗಳನ್ನು ಓಡಿಸುತ್ತಿರುವುದು ಇದೇ ಎಂಬುದು ನನ್ನ ನಂಬಿಕೆ.

ಹೊರಡುವ ದಿನ ಬೆಳಗ್ಗೆ ಜಗಲಿಯ ಮೇಲೆ ಕುಳಿತು ಮುಖ ಗಂಟುಹಾಕಿಕೊಂಡು ನೋಡುತ್ತಿದ್ದೆ. ಹಂಡೆ, ಕಡಾಯಿ, ಜಾಲರಿ, ಸೌಟುಗಳು ಏರಿದವು. ರತ್ನಮ್ಮನೂ ಅವಳ ಸಂಗಡಿಗರೂ ಸೆರಗು ಸಿಕ್ಕಿಸಿಕೊಂಡು ಹತ್ತಿ ಪಾತ್ರೆಗಳ ನಡುವೆ ಜಾಗ ಮಾಡಿಕೊಂಡರು. ಆಗ ಸೀನು ಒಳಗಿನಿಂದ ನಮ್ಮ ಅಮ್ಮನ ಕೊಳದಪ್ಪಲೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಂದ. ಅಮ್ಮ ತವರಿನಿಂದ ತಂದ ಆ ದೊಡ್ಡ ಹಿತ್ತಾಳೆಯ ಪಾತ್ರೆಯಲ್ಲಿ ಪಾಯಸ ಮಾಡಿದರೇ ಅವನಿಗೆ ಕೈಗುಣ ಹತ್ತುವುದು. ಅದನ್ನು ಪಿಕಪ್ಪಿಗೆ ಏರಿಸಲಿಲ್ಲ. ಬೀದಿಯ ತುದಿಯಲ್ಲಿ ನಿಂತಿದ್ದ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಸುತ್ತ ಜಮಖಾನ ಹೊದಿಸಿ, ಬೆಲ್ಟು ಬಿಗಿದ. ಯಾಕೋ ಎಂದೆ. ಬಾಯಿ ತಪ್ಪಿ ನಿಜ ಹೊರಬಿತ್ತು: "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಮ್ಮನ ಪಾತ್ರೆ ನೆಗ್ಗಿಹೋಗುತ್ತಲ್ಲಣ್ಣ."

ಅಯ್ಯೋ ಪಾಪಿ! ಗೊತ್ತಿತ್ತು ಇವನಿಗೆ. ತಗಡಿನ ಒಳಗೆ ಏನಿದೆಯೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ, ನೆಗ್ಗುವ ಪಾತ್ರೆಯನ್ನು ಇಳಿಸಿ ಅದನ್ನು ತಿಕ್ಕುವವರನ್ನು ಹತ್ತಿಸಿದ್ದ. ನಾನು ಏನೇನು ಅಂದೆನೋ, ನನ್ನ ಸಂಸ್ಕಾರವೆಲ್ಲ ಆವಿಯಾಗಿ, ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಹತ್ತಿದವರು ನೆಗ್ಗಿದರೆ ಯಾವ ಕಲಾಯಿಯವನ ಹತ್ತಿರ ತಟ್ಟಿಸುತ್ತೀಯೋ ಎಂದು ಕೂಗಿದ್ದು ಮಾತ್ರ ನೆನಪಿದೆ.

ನನ್ನ ಕೂಗಾಟದಿಂದ ಏನೂ ಆಗಲಿಲ್ಲ. ಆದದ್ದು ರತ್ನಮ್ಮನಿಂದ. ಅವಳು ಒಂದು ಮಾತೂ ಜೋರಾಗಿ ಆಡದೆ, ಚೀಲ ಎತ್ತಿಕೊಂಡು ಕೆಳಗಿಳಿದಳು. ಅವಳ ಹಿಂದೆ ಎಲ್ಲರೂ ಇಳಿದರು. ಸೆರಗಿನಿಂದ ಮುಖ ಒರೆಸಿಕೊಂಡು ಸೀನುವನ್ನು ನೋಡಿ ಹೇಳಿದಳು: "ಸೀನಪ್ನೋರೆ, ಆ ಕೊಳದಪ್ಲೆ ಓಯ್ತಾ ಅದಲ್ಲಾ ಗಾಡಿ, ಅದ್ರಲ್ಲಿ ನಮ್ಗೂ ಜಾಗ ಇದ್ರೆ ಏಳಿ. ಇಲ್ದಿದ್ರೆ ಬಸ್ಸಲ್ಲಿ ಬತ್ತೀವಿ. ಇದ್ರಲ್ಲಿ ಮಾತ್ರ ಅತ್ತಾಕಿಲ್ಲ."

ಸೀನು ಕಾರಿನ ಕಡೆ ನೋಡಿದ, ಅವಳ ಕಡೆ ನೋಡಲಾರದೆ ಹೋದ. ಆಮೇಲೆ ತಾನೇ ಹೋಗಿ ಬೆಲ್ಟು ಬಿಚ್ಚಿ, ಅಮ್ಮನ ಪಾತ್ರೆಯನ್ನು ಇಳಿಸಿ ಒಳಗಿಟ್ಟು ಬಂದ. ಹೆಂಗಸರು ಕಾರಿನಲ್ಲಿ ಹೋದರು. ಪಾತ್ರೆಗಳನ್ನು ಮದುವೆಯ ಮನೆಯವರೇ ಟ್ರ್ಯಾಕ್ಟರ್ ಕಳಿಸಿ ಒಯ್ದರು. ಪಾಯಸ ಅಲ್ಯೂಮಿನಿಯಂ ಡಬರಿಯಲ್ಲಿ ಆಯಿತು, ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲವಂತೆ.

ಪಿಕಪ್ಪನ್ನು ಯಾರಿಗೂ ತಗಲಾಕಲು ನಾನು ಬಿಡಲಿಲ್ಲ. ಗುಜರಿಯವನ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಚಾಸಿಯನ್ನು ನನ್ನ ಕಣ್ಣೆದುರೇ ತುಂಡರಿಸಿದ ಮೇಲೆ ಎದ್ದು ಬಂದೆ. ಈಗ ಸೀನು ಇನ್ನೊಂದು ಗಾಡಿ ತಂದಿದ್ದಾನೆ. ಪಾತ್ರೆಗಳನ್ನು ನೆಲದ ಮೇಲೆ ಹಲಗೆ ಹಾಸಿ ತೊಳೆಸುತ್ತಾನೆ. ಮಡಿ ಇನ್ನೂ ಬದುಕಿದೆ. ಹೊಸ ಗಾಡಿಗೂ ಹಾರ, ಕುಂಕುಮ, ನಿಂಬೆಹಣ್ಣು ಎಲ್ಲ ಆಯಿತು. ಎಲ್ಲ ಆದ ಮೇಲೂ ರತ್ನಮ್ಮ ಹತ್ತದೆ ನಿಂತಿದ್ದಳು.

"ಮೇಷ್ಟ್ರೆ, ಆ ಛತ್ರಿ ಒಸಿ ಕೊಡಿ" ಎಂದಳು. ಕೊಟ್ಟೆ. ಬಗ್ಗಿ, ಚಾಸಿಯ ಉದ್ದಕ್ಕೂ ಠಣ್ ಠಣ್ ಎಂದು ಬಡಿದು ನೋಡಿ, ಛತ್ರಿಯನ್ನು ಹಿಂದಿರುಗಿಸಿ ಹತ್ತಿದಳು. ಅಂದಿನಿಂದ ಅವಳು ಹತ್ತುವ ಮುಂಚೆ ಇದು ನಡೆದೇ ನಡೆಯುತ್ತದೆ. ಸೀನು ಸ್ಟೇರಿಂಗ್ ಹಿಡಿದು ಕಾಯುತ್ತಾನೆ.

ಈಗ ನಮ್ಮ ಮನೆಯ ರಂಗೋಲಿಯ ಮೇಲೆ ಕೆಂಪು ಹುಡಿ ಬೀಳುವುದಿಲ್ಲ. ಆದರೆ ಗಾಡಿ ಹೊರಡುವ ದಿನಗಳಲ್ಲಿ, ಬಗ್ಗಿ ನೋಡುವ ರತ್ನಮ್ಮನ ಕಾಲು ತಾಗಿ ಅದರ ಒಂದು ಎಳೆ ಅಳಿಸಿರುತ್ತದೆ. ನನ್ನಾಕೆ ಅದಕ್ಕೆ ಸಹಸ್ರನಾಮಾರ್ಚನೆ ತೊಡಗುವುದಿಲ್ಲ. ಗಾಡಿ ಹೋದ ಮೇಲೆ ಹೊರಗೆ ಬಂದು, ಆ ಎಳೆಯನ್ನು ಮತ್ತೆ ಎಳೆಯುತ್ತಾಳೆ.