ಸೊರ ಮಾರದ ಮೀನಿನಕ್ಕ

ಟೊಕ್... ಟೊಕ್ ಟೊಕ್. ಮೊನ್ನೆ ಎಳನೀರಿನವನು ಮಚ್ಚಿನ ಬೆನ್ನಿನಿಂದ ಕಾಯಿ ತಟ್ಟಿ ನೋಡುತ್ತಿದ್ದ. ನನಗೆ ಕೇಳಿಸಿದ್ದು ಮಾತ್ರ ಬೇರೆ ಸದ್ದು. ಗುಂಡ್ಲುಪೇಟೆಯ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ಹುಣಸೆ ಕೊರಡಿನ ಮೇಲೆ ಕತ್ತಿಯ ಬೆನ್ನು ಕುಟ್ಟುತ್ತಿದ್ದ ಸದ್ದು. ಕೇರಳದ ಕಡೆಯಿಂದ ಮೀನಿನ ಲಾರಿ ಬಂತೆಂದು ಕೂಗಿ ಹೇಳುವುದು ಆಕೆಗೆ ಸೇರುತ್ತಿರಲಿಲ್ಲ. ಮೂರು ಪೆಟ್ಟು, ಅಷ್ಟೇ. ಬೀದಿಗೆಲ್ಲ ಅರ್ಥವಾಗುತ್ತಿತ್ತು.

ಎಲ್ಲರೂ ಮೀನಿನಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹೆಸರು ಕೇಳಬೇಕೆಂದು ತೋಚಲೇ ಇಲ್ಲ... ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಅಷ್ಟೊಂದು ಮ್ಯಾನರ್ಸ್ ಕಲಿಸಿದ್ದರು. ಏನು ಪ್ರಯೋಜನ?

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಸೈನ್ಸ್ ಟೀಚರ್. ಮೀನು ಮೊಟ್ಟೆಯಿಡುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳು. ಒಂದು ಶನಿವಾರ ಕಿವಿರು ತೋರಿಸೋಣವೆಂದು ಹುಡುಗಿಯರನ್ನು ಆಕೆಯ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿಯೂ ಅದೇ ಪಾಠ ಶುರು ಮಾಡಿದೆ. ಆಕೆ ಕತ್ತಿ ಕೆಳಗಿಟ್ಟಳು.

"ಎಲ್ಲಾ ಮೀನೂ ಮೊಟ್ಟೆ ಇಕ್ತವೆ ಅಂದ್ರಾ ಮೇಡಮ್ಮೋರೆ? ನಿಮ್ಮ ಬುಕ್ಕು ಬರ್ದೋನು ಕಡ್ಲಿಗೆ ಓಗಿರಾಕಿಲ್ಲ ಬುಡಿ."

ಬುಟ್ಟಿಯಿಂದ ಒಂದು ಸೊರ ಎತ್ತಿ ಹೊಟ್ಟೆ ಸೀಳಿದಳು. ಸೊರ ಅಂದರೆ ಶಾರ್ಕ್. ಗಡಿಯಾಚೆಯ ತಮಿಳಿನಿಂದ ನಮ್ಮ ಕಡೆಗೆ ಬಂದ ಹೆಸರು. ಒಳಗೆ ನಾಲ್ಕು ಮರಿಗಳಿದ್ದವು. ಒಂದೊಂದಕ್ಕೂ ಹೊಕ್ಕುಳಬಳ್ಳಿ, ಥೇಟ್ ನಮ್ಮ ಮಕ್ಕಳಂತೆ. ಹುಡುಗಿಯರು ಒಬ್ಬರ ಮೇಲೊಬ್ಬರು ಬಗ್ಗಿ ನೋಡಿದರು. ನನ್ನ ಫರ್ಸ್ಟ್ ಕ್ಲಾಸ್ ಡಿಗ್ರಿ ಆ ಕೊರಡಿನ ಮೇಲೆ ಸತ್ತು ಬಿದ್ದಿತ್ತು.

ಆ ವಿಷಯವನ್ನು ಮಂಗಳೂರಿನಲ್ಲಿ ಕಡಲಜೀವಿಗಳ ಮೇಲೆ ರಿಸರ್ಚ್ ಮಾಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಗೆ ಬರೆದೆ. ಆ ಹುಡುಗಿ ಬಸ್ಸು ಹತ್ತಿ ಬಂದೇಬಿಟ್ಟಳು. ಸೊರ ನಿಧಾನವಾಗಿ ಬೆಳೆಯುತ್ತದೆ, ಕೆಲವು ಮರಿಗಳನ್ನಷ್ಟೇ ಹೆರುತ್ತದೆ, ಬಸುರಿಗಳನ್ನೇ ಹಿಡಿದರೆ ಸಂತತಿ ಉಳಿಯುವುದಿಲ್ಲ ಎಂದು ವಿವರಿಸಿದಳು. ಬಂದ ಸೊರಗಳನ್ನೆಲ್ಲ ಅಳೆದು ಬರೆದಿಡಲು ಸಾಧ್ಯವೇ ಎಂದು ಕೇಳಿದಳು.

"ಬರ್ಯಾಕೆ ನಂಗೆ ಬರಾಕಿಲ್ಲ ಕಣವ್ವ. ಅಳ್ಯಾಕೆ ಬತ್ತದೆ," ಎಂದಳು ಮೀನಿನಕ್ಕ.

ಅಳೆದ ರೀತಿ ಇದು. ಪ್ರತಿ ಸೊರದ ಮೂತಿಯಿಂದ ಬಾಲದವರೆಗೆ ಸೆಣಬಿನ ದಾರ ಹಿಡಿದು ಕತ್ತರಿಸುವುದು. ಹೊಟ್ಟೆಯಲ್ಲಿ ಮರಿಯಿದ್ದರೆ ಆ ದಾರಕ್ಕೊಂದು ಗಂಟು. ತಿಂಗಳಿಗೊಂದು ಕಟ್ಟು. ನನ್ನ ಹುಡುಗಿಯರು ಶನಿವಾರ ಮಧ್ಯಾಹ್ನ ಆ ದಾರಗಳನ್ನು ಸ್ಕೇಲಿನ ಮೇಲೆ ಹರಡಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಅವರ ಯೂನಿಫಾರ್ಮಿನ ಮೀನುವಾಸನೆಗೆ ತಾಯಂದಿರು ನನ್ನನ್ನು ಶಪಿಸಿದ್ದು ನಿಜ. ಐ ಡಿಡ್ ನಾಟ್ ಕೇರ್.

ಎರಡು ವರ್ಷದ ಕಟ್ಟುಗಳನ್ನು ಒಂದು ದಿನ ಆಕೆ ಮಂಡಿಯ ಮೇಲೆ ಹರವಿಕೊಂಡು ಕೂತಿದ್ದಳು. "ನಮ್ಮವ್ವನ ಕಾಲ್ದಲ್ಲಿ ಸೊರದ ಬಾಲ ಕೊರಡಿಂದ ಈಚ್ಗೆ ನ್ಯಾತಾಡೋದು. ಈಗ ನೋಡಿ, ಎಲ್ಲಾ ಮೊಳದುದ್ದ. ಅದ್ರಾಗೂ ಎಷ್ಟು ಗಂಟು..." ಎಂದಳು. ಮರುದಿನದಿಂದ ಸೊರ ಮಾರುವುದನ್ನು ನಿಲ್ಲಿಸಿದಳು. ನನ್ನ ಹುಡುಗಿಯರಿಂದ ಸ್ಲೇಟಿನ ಮೇಲೆ ಬರೆಸಿ ನೇತುಹಾಕಿದಳು: ಇಲ್ಲಿ ಸೊರ ಸಿಗುವುದಿಲ್ಲ. ಯಾಕೆ ಅಂತ ಕೇಳಿ, ಹೇಳ್ತೀವಿ.

ಅದೆಂಥ ಧೈರ್ಯ ಎಂದು ಹೊರಗಿನವರಿಗೆ ತಿಳಿಯದು. ಬಾಣಂತಿಗೆ ಹಾಲು ಹೆಚ್ಚಲೆಂದು ಸೊರವನ್ನು ಬೇಯಿಸಿ, ಬಿಡಿಸಿ, ಬೆಳ್ಳುಳ್ಳಿ ಮೆಣಸು ಹಾಕಿ ಪುಟ್ಟು ಮಾಡಿ ತಿನ್ನಿಸುವುದು ನಮ್ಮಲ್ಲಿ ಎಷ್ಟೋ ಮನೆಗಳ ಪದ್ಧತಿ. ಆಕೆಯ ಅಂಗಡಿ ನಿಂತಿದ್ದುದೇ ಆ ಬಾಣಂತಿ ಮನೆಗಳ ಮೇಲೆ. ಅವು ಸೊರ ಮಾರುವ ಎದುರಂಗಡಿಗೆ ಹೊರಳಿದರೆ ಆಕೆ ಬಾಗಿಲು ಹಾಕಬೇಕು, ಅಷ್ಟೇ.

ಆ ವರ್ಷವೇ ನನ್ನ ಮಗಳ ಬಾಣಂತನ. ನಮ್ಮತ್ತೆ ಸೊರಕ್ಕೆ ಹೇಳಿಕಳಿಸಿದರು. ಮೀನಿನಕ್ಕ ತಾನೇ ಬಂದಳು, ಸೊರದ ಬದಲು ಬುಟ್ಟಿಯಲ್ಲಿ ಮತ್ತಿ ಮೀನು ಮತ್ತು ಸಬ್ಬಸಿಗೆ ಸೊಪ್ಪು ಇಟ್ಟುಕೊಂಡು.

"ಏನಮ್ಮಿ, ನಮ್ಮನೇಗೇ ಇಲ್ಲ ಅಂತೀಯಾ? ಈ ಮನೇಲಿ ಐದು ಬಾಣಂತನಕ್ಕೂ ಸೊರ ಕೊಟ್ಟೋಳು ನಿಮ್ಮವ್ವ," ಎಂದರು ಅತ್ತೆ.

"ಕೊಟ್ಟವ್ಳೆ ಕಣಜ್ಜಿ. ನಾನೂ ಕೊಟ್ಟಿವ್ನಿ. ಇನ್ಮೇಲೆ ಆಗಾಕಿಲ್ಲ. ಒಂದು ಬಸ್ರಿ ಒಟ್ಟೆ ಬಗ್ದು ಇನ್ನೊಂದು ಬಾಣಂತಿಗೆ ಆಲು ತರಾದಾ?"

"ಮೀನು ಕಡಿಯೋಳಿಗೆ ಮೀನಿನ ಮ್ಯಾಲೆ ಮರುಕ! ನಾಳೆ ಕುರಿ ಕಡಿಯೋನು ಭಜನೆಗೆ ಕೂತ್ಕೋತಾನೆ."

"ಕೂರ್ಲಿ ಬುಡಿ ಅಜ್ಜಿ, ರಾಗ ಬಂದ್ರೆ ಕೂರ್ಲಿ," ಎಂದು ನಕ್ಕು ಬುಟ್ಟಿ ಇಳಿಸಿದಳು.

ನಾನು ಆಕೆಯ ಪರ ಒಂದು ಮಾತೂ ಆಡಲಿಲ್ಲ. ಮಾರನೆಯ ದಿನ, ಮನೆಯಲ್ಲಿ ಶಾಂತಿ ಇರಲಿ ಎಂದು, ಎದುರಂಗಡಿಯಿಂದ ಸೊರ ಕಟ್ಟಿಸಿಕೊಂಡೆ. ಪೇಪರಿನ ಪೊಟ್ಟಣವನ್ನು ಸೆರಗಿನಡಿ ಇಟ್ಟುಕೊಂಡು ತಿರುಗಿದರೆ, ಆಕೆ ನನ್ನನ್ನೇ ನೋಡುತ್ತಿದ್ದಳು.

ಮನೆಗೆ ಬಂದರೆ ಮಗಳು, "ಅಮ್ಮಾ, ಬೆಳಿಗ್ಗೆಯೇ ಹಾಲು ಬಂತು. ಪಾಪು ಹೊಟ್ಟೆ ತುಂಬ ಕುಡಿಯಿತು," ಎಂದಳು. ಪೊಟ್ಟಣ ಇನ್ನೂ ನನ್ನ ಕೈಯಲ್ಲೇ ಇತ್ತು. ಆದರೂ ಪುಟ್ಟು ಆಯಿತು. ಅತ್ತೆ ಬೀದಿಗೆಲ್ಲ ಸಾರಿದರು: ಸೊರ ತಿಂದ ಮೇಲೇ ಹಾಲು ಹರಿಯಿತು, ನಮ್ಮ ಟೀಚರಮ್ಮನೇ ಹೋಗಿ ತಂದಳು ಎಂದು. ನಾನು ಅಲ್ಲವೆನ್ನಲಿಲ್ಲ. ಅದೊಂದು ಲೈ. ಬಾಯಿ ಮುಚ್ಚಿಕೊಂಡು ಹೇಳಿದ ಲೈ.

ಪಾಠ ಹೇಳಿದ ಮೇಡಮ್ಮೇ ಕೊಂಡ ಮೇಲೆ ಆ ಸ್ಲೇಟಿಗೆ ಏನು ಬೆಲೆ? ಒಂದೊಂದೇ ಮನೆ ಎದುರಂಗಡಿಗೆ ಹೋಯಿತು. ಸೊರ ಸಮೇತ ಪೂರ್ತಿ ಬಾಕ್ಸ್ ಇಳಿಸಿಕೊಂಡರೆ ಸರಿ, ಇಲ್ಲವಾದರೆ ಮೀನೇ ಇಲ್ಲ ಎಂದ ಲಾರಿಯವನು. ಆಕೆ ಇಳಿಸಿಕೊಳ್ಳಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಆ ಬಾಗಿಲಿಗೆ ಬೇರೆಯವರ ಬೀಗ ಬಿತ್ತು. ನಿಜ ಹೇಳೋಣವೆಂದು ಹೋದರೆ, ನಾನು ತಲುಪುವ ಮೊದಲೇ ಆಕೆ ಊರು ಬಿಟ್ಟಿದ್ದಳು...

ಈಗ ಆಕೆ ಇಲ್ಲ. ತೀರಿಕೊಂಡು ಎಷ್ಟೋ ತಿಂಗಳಾದ ಮೇಲೆ, ಉಮ್ಮತ್ತೂರಿನಿಂದ ಹೂವು ತರುವವಳು ಮಾತಿನ ನಡುವೆ ಹೇಳಿದಳು. ನಾನಂತೂ ಯಾವ ಬಾಣಂತಿ ಮನೆಗೆ ಹೋದರೂ ಸೊರದ ಮಾತೆತ್ತದೆ ಬರುವುದಿಲ್ಲ. ಮುದುಕಿಗೆ ಅರಳುಮರಳು ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಲೆಟ್ ದೆಮ್.

ಕೊನೆಯ ಸಲ ಆಕೆಯನ್ನು ಕಂಡದ್ದು ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ, ಅಂಗಡಿ ಮುಚ್ಚಿದ ಮೂರನೆಯ ವರ್ಷ. ಉಮ್ಮತ್ತೂರು ಬಸ್ಸಿನ ಬಾಗಿಲಲ್ಲಿ ಕೆರೆಮೀನಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ತುಂಬಿದ ಬಸುರಿ ಮಗಳನ್ನು ಕರೆತಂದಿದ್ದ ಹೆಂಗಸೊಬ್ಬಳು, "ಸೊರ ತಂದ್ಕೊಡ್ತಿಯಾ ಅಕ್ಕಾ?" ಎಂದು ಕೇಳಿದಳು.

"ಅದ್ಯಾಕವ್ವ ನಿಂಗೆ? ಅದ್ಕೂ ಆಲ್ಗೂ ಸಂಬಂಧ ಇಲ್ಲ," ಎನ್ನುತ್ತ ತಿರುಗಿದವಳು ನನ್ನನ್ನು ಕಂಡಳು. ನನ್ನ ಕಡೆ ಗದ್ದ ಎತ್ತಿ, "ನನ್ಮಾತು ಬ್ಯಾಡ. ಇವ್ರು ಓದ್ದೋರು, ಇವ್ರನ್ನ ಕೇಳು," ಎಂದಳು.

ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳು. "ನನ್ನ ಮಗಳಿಗೆ ಸೊರ ಒಲೆ ಮೇಲೆ ಇಡೋಕೆ ಮೊದಲೇ ಹಾಲು ಬಂದಿತ್ತು. ಊರಿಗೆ ಸುಳ್ಳು ಹೇಳಿದ್ದು ನಾವು," ಎಂದೆ, ಕ್ಲಾಸಿನ ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ.

"ಅಕ್ಕೋ, ಸ್ಕೂಲು ಮುಗೀತಾ? ಬಸ್ ಅತ್ತು, ರೈಟ್ ರೈಟ್!" ಎಂದ ಕಂಡಕ್ಟರ್.

ಆಕೆ ಬುಟ್ಟಿಯನ್ನು ಒಳಗೆ ತಳ್ಳಿ, ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು ಹೊರಳಿದಳು. ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ.

"ಇದ್ನ ಅವತ್ತೇ ಅಂದಿದ್ರೆ ಏನೋಗ್ತಿತ್ತು ಮೇಡಮ್ಮೋರೆ?"

ಬಸ್ಸು ಹೊರಟಿತು.